ನೆತ್ತಿಗೆ ಮುಖ ಮಾಡಿದ ಕ್ಯಾಮೆರಾ: ಆರ್ದ್ರೆಯ ಬೆಳಕನ್ನು ಅಳೆದ ನನ್ನ ಅನುಭವ

ಆರ್ದ್ರಾ ನಕ್ಷತ್ರದ, ಅಂದರೆ ಬೀಟಲ್‌ಜ್ಯೂಸ್‌ನ, ಕಾಂತಿಮಾನವನ್ನು (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಮೈಸೂರಿನ ಬಡಾವಣೆಯೊಂದರ ತಾರಸಿಯಿಂದ, ದೂರದರ್ಶಕವೇ ಇಲ್ಲದೆ, ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ 0.02ರ ಆಸುಪಾಸಿನ ನಿಖರತೆಯಿಂದ ಅಳೆಯಬಹುದೆಂದು ನಾನು ಹೇಳಿದಾಗ ನಮ್ಮ ಬಳಗದ ಹಿರಿಯರೊಬ್ಬರು, ‘ಬೀದಿ ದೀಪದ ಬೆಳಕಿನಲ್ಲಿ ಫೋಟೋಮೆಟ್ರಿಯೇ? ಮೊದಲು ಊರಾಚೆ ಒಂದು ಜಾಗ ನೋಡಿಕೊಳ್ಳಿ’ ಎಂದಿದ್ದರು. 2019-20ರಲ್ಲಿ ಆ ನಕ್ಷತ್ರ ಹಿಂದೆಂದೂ ಇಲ್ಲದಷ್ಟು ಮಂಕಾದಾಗ ಅದರ ಇಳಿತವೂ ಏರಿಕೆಯೂ ಅದೇ ತಾರಸಿಯಲ್ಲಿ ದಾಖಲಾದವು. ಫೋಟೋಮೆಟ್ರಿ ಎಂದರೆ ಬೆಳಕನ್ನು ಅಳೆಯುವುದು. ಡಾರ್ಕ್ (ಮುಚ್ಚಳ ಹಾಕಿ ತೆಗೆದ ಚಿತ್ರ), ಫ್ಲಾಟ್ (ಲೆನ್ಸಿನ ಅಂಚಿನ ನಷ್ಟ ತಿದ್ದಲು ಸಮನಾದ ಬೆಳಕಿಗೆ ತೆಗೆದ ಚಿತ್ರ), ಅಪರ್ಚರ್ ಫೋಟೋಮೆಟ್ರಿ (ಬಿಂಬದ ಸುತ್ತ ವೃತ್ತ ಹಾಕಿ ಒಳಗಿನ ಬೆಳಕನ್ನು ಕೂಡಿಸುವುದು) ಇವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಹಣ ಹೋದ ದಾರಿಯನ್ನು ಮೊದಲು ಹೇಳಬೇಕು. ಟ್ರ್ಯಾಕರ್ (ನಕ್ಷತ್ರಗಳ ಸರಿತಕ್ಕೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಸಾಧನ) ಇಲ್ಲದೆ ಆಗದೆಂದು ಎಲ್ಲರೂ ಹೇಳಿದ್ದರಿಂದ ಸುಮಾರು 35 ಸಾವಿರ ಕೊಟ್ಟು ಕೊಂಡೆ. ಮಾರುವಾಗ 20 ಸಾವಿರದ ಮೇಲೆ ಯಾರೂ ಕೇಳಲಿಲ್ಲ. ಏಕವರ್ಣ ಕ್ಯಾಮೆರಾ ಮತ್ತು ವಿ ಫಿಲ್ಟರ್ (ಹಳದಿ-ಹಸಿರಿನ ಸುತ್ತಲಿನ ಬೆಳಕನ್ನು ಮಾತ್ರ ಬಿಡುವ ಗಾಜು) ತರಿಸಲು ಸುಂಕವೂ ಸೇರಿ ಒಂದೂಕಾಲು ಲಕ್ಷದ ಹತ್ತಿರ ಆಗುತ್ತಿದ್ದುದರಿಂದ ಆ ಆಸೆಯನ್ನು ಅಲ್ಲಿಗೇ ಬಿಟ್ಟೆ. ಕೊನೆಗೆ ಉಳಿದದ್ದು 16 ಸಾವಿರದ ಹಳೆಯ ಕ್ಯಾಮೆರಾ ಮತ್ತು 9 ಸಾವಿರದ 35 ಮಿ.ಮೀ. ಲೆನ್ಸ್. ಆರಂಭದ ಚಿತ್ರಗಳಲ್ಲಿ ನಕ್ಷತ್ರ ಚೂಪಾಗಿ ಬರುತ್ತಿತ್ತು, ಅಳತೆ ಮಾತ್ರ ಒಂದು ಚಿತ್ರದಿಂದ ಇನ್ನೊಂದಕ್ಕೆ 0.15ರಷ್ಟು ಹಾರುತ್ತಿತ್ತು, ಚೂಪಾದ ಬಿಂಬ ಒಮ್ಮೆ ಹಸಿರು ಪಿಕ್ಸೆಲ್ಲಿನ ಮೇಲೂ ಇನ್ನೊಮ್ಮೆ ಕೆಂಪಿನ ಮೇಲೂ ಬೀಳುವುದೇ ಇದಕ್ಕೆ ಕಾರಣ. ಫೋಕಸ್ ಕೆಡಿಸಿ ಬಿಂಬವನ್ನು 20 ಪಿಕ್ಸೆಲ್ ಅಗಲದ ಬಿಲ್ಲೆಯಾಗಿಸಿದ ಮೇಲೆ ಆ ಕಾಟ ತಪ್ಪಿತು. ಎಫ್/4, ಐಎಸ್‌ಒ 200, 5 ಸೆಕೆಂಡಿನ ಸುಮಾರು 60 ಚಿತ್ರಗಳ ಸರಾಸರಿಯಲ್ಲಿ ಮಿನುಗಾಟವೂ ಅಡಗುತ್ತದೆ. ಅಷ್ಟು ಅಗಲದ ಬಿಲ್ಲೆಯಲ್ಲಿ 5 ಸೆಕೆಂಡಿನ ಸರಿತ ಮೂರು ಪಿಕ್ಸೆಲ್ ಮಾತ್ರ, ಆದ್ದರಿಂದ ಟ್ರ್ಯಾಕರಿಗೆ ಇಲ್ಲಿ ಕೆಲಸವೇ ಇಲ್ಲ.

ಆದರೂ ಎರಡು ದೋಷಗಳು ಉಳಿದವು. ಹೊಳಪು ಗೊತ್ತಿರುವ ನಕ್ಷತ್ರವಾಗಿ ಹೋಲಿಕೆಗೆ ಬೇಕಾದ ರೋಹಿಣಿ (ಆಲ್ಡೆಬರಾನ್) ಆರ್ದ್ರೆಯಿಂದ 21 ಡಿಗ್ರಿಗೂ ಹೆಚ್ಚು ದೂರದಲ್ಲಿದೆ. ಎರಡೂ ಒಂದೇ ಚಿತ್ರದಲ್ಲಿ ಬರಬೇಕಾದರೆ ಅಂಚಿನ ಕಡೆಗೆ ಸರಿಯಲೇಬೇಕು, ಅಲ್ಲಿ ಲೆನ್ಸ್ ಬೆಳಕನ್ನು ನುಂಗುತ್ತದೆ. ಒಂದು ಮೇಲೆ ಒಂದು ಕೆಳಗೆ ಇದ್ದಾಗ ವಾತಾವರಣವೂ ಎರಡನ್ನು ಬೇರೆ ಬೇರೆ ಪ್ರಮಾಣದಲ್ಲಿ ಮಂಕಾಗಿಸುತ್ತದೆ. ಫ್ಲಾಟ್ ತೆಗೆಯಲು ಬಿಳಿ ಪಂಚೆ, ಲ್ಯಾಪ್‌ಟಾಪ್ ಪರದೆ, ಸಂಜೆಯ ಆಕಾಶ ಎಲ್ಲವನ್ನೂ ಬಳಸಿ ನೋಡಿದೆ, ಯಾವುದೂ ಮತ್ತೊಂದಕ್ಕೆ ಒಪ್ಪಲಿಲ್ಲ.

ಪರಿಹಾರ ನಮ್ಮ ಅಕ್ಷಾಂಶದಲ್ಲೇ ಇತ್ತು. ಆರ್ದ್ರೆಯ ಡೆಕ್ಲಿನೇಷನ್ (ಆಕಾಶದ ಮೇಲಿನ ಅಕ್ಷಾಂಶ) 7.4 ಡಿಗ್ರಿ, ರೋಹಿಣಿಯದು 16.5, ಇವೆರಡರ ನಡುಬಿಂದು ಸುಮಾರು 12 ಡಿಗ್ರಿಯಲ್ಲಿ ಬೀಳುತ್ತದೆ, ಮೈಸೂರಿನ ಅಕ್ಷಾಂಶ 12.3. ಆ ನಡುಬಿಂದು ನೆತ್ತಿಯನ್ನು ಹಾಯುವ ಹೊತ್ತಿನಲ್ಲಿ, ಅಂದರೆ ಸ್ಥಳೀಯ ನಾಕ್ಷತ್ರಿಕ ಕಾಲ (ಸೂರ್ಯನ ಬದಲು ನಕ್ಷತ್ರಗಳ ಸರಿತದಿಂದ ಎಣಿಸುವ ಕಾಲ) 5 ಗಂಟೆ 15 ನಿಮಿಷದ ಸುಮಾರಿಗೆ, ಎರಡು ನಕ್ಷತ್ರಗಳೂ ನೆತ್ತಿಯಿಂದ 11 ಡಿಗ್ರಿಯ ಹತ್ತಿರ ಸಮದೂರದಲ್ಲಿರುತ್ತವೆ. ಕ್ಯಾಮೆರಾವನ್ನು ಬೆನ್ನ ಮೇಲೆ ಮಲಗಿಸಿ ನೇರ ಮೇಲಕ್ಕೆ ನೋಡಿಸಿದರೆ ಸಾಕು, ವಾತಾವರಣದ ನಷ್ಟವೂ ಲೆನ್ಸಿನ ಅಂಚಿನ ನಷ್ಟವೂ ಎರಡಕ್ಕೂ ಸಮನಾಗಿ ಹಂಚಿಹೋಗಿ ವ್ಯತ್ಯಾಸದಲ್ಲಿ ಅಳಿಸಿಹೋಗುತ್ತವೆ. ಜನವರಿಯ ಮಧ್ಯದಲ್ಲಿ ರಾತ್ರಿ 10ರ ಹೊತ್ತಿಗೆ, ಫೆಬ್ರವರಿಯ ಮಧ್ಯದಲ್ಲಿ 8ರ ಹೊತ್ತಿಗೆ ಈ ಯೋಗ ಕೂಡಿಬರುತ್ತದೆ. ಉತ್ತರದ 50 ಡಿಗ್ರಿಯಲ್ಲಿರುವ ಯೂರೋಪಿನ ಹವ್ಯಾಸಿಗಳಿಗೆ ಎಷ್ಟು ಖರ್ಚು ಮಾಡಿದರೂ ಇದು ಸಿಗದು ಎಂದು ಕೊಂಚ ಹೆಮ್ಮೆಯಿಂದಲೇ ಹೇಳುತ್ತೇನೆ.

ಮಳೆನೀರು ಹರಿಯಲೆಂದು ತಾರಸಿಗೆ ವಾಟ ಕೊಟ್ಟಿರುವುದರಿಂದ ಪ್ಲೈವುಡ್ ಹಲಗೆಯೊಂದಕ್ಕೆ ಮೂರು ತಿರುಪು ಹಾಕಿಸಿ, ಗಾರೆಯವರ ರಸಮಟ್ಟ ಇಟ್ಟು ಸರಿಮಾಡಿಕೊಳ್ಳುತ್ತೇನೆ. ಮೇಲ್ಮುಖವಾದ ಗಾಜಿನ ಮೇಲೆ ಡಿಸೆಂಬರಿನ ಇಬ್ಬನಿ ಕೂರುವುದು ದೊಡ್ಡ ತಲೆನೋವಾಗಿತ್ತು. ರೆಸಿಸ್ಟರುಗಳನ್ನು ಬೆಸುಗೆ ಹಾಕಿ ಮಾಡಿದ ಬಿಸಿಪಟ್ಟಿಯೊಂದು ಅದನ್ನು ನಿವಾರಿಸಿತು, ಖರ್ಚು 300 ರೂಪಾಯಿಯ ಒಳಗೆ. ಕಣ್ಣಿಗೆ ಕಾಣದ ತೆಳುಮೋಡವನ್ನು ಹಿಡಿಯಲು ಅದೇ ಚಿತ್ರದಲ್ಲಿರುವ ಬೆಲ್ಲಾಟ್ರಿಕ್ಸನ್ನೂ ಅಳೆದಿಡುತ್ತೇನೆ. ಅದನ್ನೇ ಮುಖ್ಯ ಹೋಲಿಕೆಯಾಗಿ ಬಳಸುವವರಿದ್ದಾರೆ. ಆ ನೀಲಿ ನಕ್ಷತ್ರಕ್ಕೂ ಕೆಂಪು ಆರ್ದ್ರೆಗೂ ಬಣ್ಣಸೂಚ್ಯಂಕದಲ್ಲಿ (ನಕ್ಷತ್ರದ ಬಣ್ಣವನ್ನು ಹೇಳುವ ಅಂಕಿ) 2ರಷ್ಟು ಅಂತರವಿರುವುದರಿಂದ, ಬಣ್ಣದ ತಿದ್ದುಪಡಿ ಮಾಡದಿದ್ದರೆ ನನ್ನ ಕ್ಯಾಮೆರಾದಲ್ಲಿ 0.2ರವರೆಗೂ ತಪ್ಪುತ್ತದೆ. ರೋಹಿಣಿಯೊಡನೆ ಆ ತಿದ್ದುಪಡಿ 0.03 ಮಾತ್ರ. ರೋಹಿಣಿಯೂ ತುಸು ಏರಿಳಿಯುತ್ತದೆ ಎಂಬ ಆಕ್ಷೇಪ ನಿಜವಾದರೂ ಅದು ನನ್ನ ದೋಷಮಿತಿಯನ್ನು ಹೆಚ್ಚು ಮೀರದು. ಬಣ್ಣದ ಗುಣಾಂಕವನ್ನು ಒಂದೇ ರಾತ್ರಿಯಲ್ಲಿ ಪಡೆಯುವ ಬಗೆಯನ್ನೂ, ಫೋಕಸ್ ಉಂಗುರ ಪ್ರತಿ ಸಲ ಅದೇ ಜಾಗಕ್ಕೆ ಬರುವಂತೆ ಮಾಡಿಕೊಂಡ ಉಪಾಯವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸಾಮಾನ್ಯವಾಗಿ 0.5ರ ಸುತ್ತ ಇರುವ ನಕ್ಷತ್ರ ನನ್ನ ಪಟ್ಟಿಯಲ್ಲಿ 2019ರ ನವೆಂಬರಿನಿಂದಲೇ ಜಾರತೊಡಗಿತ್ತು. ಡಿಸೆಂಬರಿನ ಮೊದಲ ವಾರದ ಕೊನೆಗೆ ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಗೀನನ್ ಮತ್ತು ಸಂಗಡಿಗರು ಈ ಇಳಿತವನ್ನು ಪ್ರಕಟಿಸಿದಾಗ ನನ್ನ ಅಂಕಿ 1.1ರ ಹತ್ತಿರವಿತ್ತು. 2020ರ ಫೆಬ್ರವರಿ 7ರಿಂದ 13ರ ನಡುವೆ ಅದು ತಳ ಮುಟ್ಟಿತು. ವಿ ಫಿಲ್ಟರಿನ ಬೆಳಕಿನಲ್ಲಿ ವೃತ್ತಿಪರರ ಅಳತೆ 1.61, ನನ್ನದು 1.63. ಬಳಗದ ಹಿರಿಯರು ನನ್ನ ಕ್ಯಾಮೆರಾದ ಮೂಲ (ರಾ) ಕಡತಗಳನ್ನು ತರಿಸಿಕೊಂಡು ತಾವೇ ಲೆಕ್ಕ ಹಾಕಿ ನೋಡಿದ ಮೇಲೆ ಜಾಗ ಹುಡುಕುವ ಮಾತು ನಿಂತಿತು.

ಆ ದಿನಗಳಲ್ಲಿ ಟಿವಿಯವರೆಲ್ಲ ನಾಳೆಯೇ ಸ್ಫೋಟ ಎಂಬಂತೆ ಮಾತನಾಡಿದರು. ಸೂರ್ಯನ 16ರಿಂದ 19 ಪಟ್ಟು ತೂಕದ ಈ ಕೆಂಪು ಮಹಾದೈತ್ಯ ಹುಟ್ಟಿ ಸುಮಾರು ಒಂದು ಕೋಟಿ ವರ್ಷವಾಗಿದೆಯಷ್ಟೆ, ಗರ್ಭದಲ್ಲಿ ಇನ್ನೂ ಹೀಲಿಯಂ ಉರಿಯುತ್ತಿದೆ. ಮುಂದೆ ಕಾರ್ಬನ್, ನಿಯಾನ್, ಆಕ್ಸಿಜನ್‌ಗಳ ಸರದಿ ಬಂದು, ಒಂದೆರಡು ದಿನಗಳಲ್ಲಿ ಸಿಲಿಕಾನ್ ಮುಗಿದು, ಕಬ್ಬಿಣದ ತಿರುಳು ಸೆಕೆಂಡಿನೊಳಗೆ ಕುಸಿಯುವವರೆಗೂ ಗರ್ಭದ ಅವಸರ ಹೊರಮೈಗೆ ಅಷ್ಟಾಗಿ ತಟ್ಟುವುದಿಲ್ಲ. ಮಂಕಿಗೆ ಕಾರಣ ಮೈಮೇಲೆ ತಣಿದ ಒಂದು ಭಾಗ ಮತ್ತು ಉಗುಳಿದ ಅನಿಲದಿಂದ ಹೆಪ್ಪುಗಟ್ಟಿದ ಧೂಳು ಎಂಬುದನ್ನು ಚಿಲಿಯ ವಿಎಲ್‌ಟಿ ದೂರದರ್ಶಕದ ಚಿತ್ರಗಳು ತೋರಿಸಿದವು. ಜಪಾನಿನ ಹವಾಮಾನ ಉಪಗ್ರಹ ಹಿಮವಾರಿ-8ರ ಚಿತ್ರಗಳ ಅಂಚಿನಲ್ಲಿ ಸಿಕ್ಕಿದ್ದ ಆರ್ದ್ರೆಯೂ ಅದನ್ನೇ ಹೇಳಿತು. ಆಮೇಲೆ 400 ದಿನಗಳ ಹಳೆಯ ಮಿಡಿತ ಕೆಟ್ಟು ಅದರ ಅರ್ಧದಷ್ಟು ಅವಧಿಯ ಏರಿಳಿತ ಶುರುವಾದದ್ದು ನನ್ನ ಅಳತೆಗಳ ಗೆರೆಯಲ್ಲಿಯೂ ಕಾಣುತ್ತದೆ, ನಡುನಡುವೆ ಹರಿದಿದ್ದರೂ.

ಗೆರೆ ಹರಿಯುವುದಕ್ಕೆ ಕಾರಣವಿದೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಮಾತ್ರ ಈ ವಿಧಾನ ನಡೆಯುತ್ತದೆ. ಮಾರ್ಚಿನಿಂದ ಕ್ಯಾಮೆರಾವನ್ನು ಪಡುವಣಕ್ಕೆ ವಾಲಿಸಿ ತಿದ್ದುಪಡಿ ಮಾಡಬೇಕು, ದೋಷ ಇಮ್ಮಡಿಯಾಗುತ್ತದೆ. ರೈತರು ಆರಿದ್ರಾ ಮಳೆಗಾಗಿ ಕಾಯುವ ಜೂನ್ ಕೊನೆಯಲ್ಲಿ ಸೂರ್ಯ ಇದೇ ನಕ್ಷತ್ರದ ಪಕ್ಕದಲ್ಲಿರುತ್ತಾನೆ. ಜರ್ಮನಿಯ ಹವ್ಯಾಸಿಯೊಬ್ಬರು ಹಗಲಿನಲ್ಲೇ ಅಳೆದು ಆ ತೆರವನ್ನು ತುಂಬಿದ್ದಾರೆಂದು ತಿಳಿದು ನಾನೂ ಪ್ರಯತ್ನಿಸಿದೆ, ಮುಂಗಾರಿನ ಮೋಡ ಬಿಡಲಿಲ್ಲ. 1840ರ ದಶಕದ ಮಹಾಸ್ಫೋಟದಲ್ಲಿ ಸಿರಿಯಸ್‌ಗೆ ಸಮೀಪಿಸುವಷ್ಟು ಬೆಳಗಿದ್ದ ಈಟಾ ಕರೀನೆ ಎಂಬ ನಕ್ಷತ್ರವನ್ನೂ ಅಳೆದು ನೋಡಿದೆ. ದಕ್ಷಿಣದ ದಿಗಂತದಿಂದ 18 ಡಿಗ್ರಿಯ ಮೇಲೆ ಅದು ಏರುವುದೇ ಇಲ್ಲ, ಅಳತೆ 0.2ರಷ್ಟು ಚೆದುರಿತು.

ಆರ್ದ್ರೆ ನಿಜವಾಗಿ ಸಿಡಿದರೆ ಅರ್ಧಚಂದ್ರನನ್ನೂ ಮೀರಿಸಿ ಸುಮಾರು -11ರವರೆಗೆ ಬೆಳಗೀತು, ಆಗ 5 ಸೆಕೆಂಡಿನ ಚಿತ್ರದಲ್ಲಿ ಬಿಳಿ ಕಲೆಯಲ್ಲದೆ ಏನೂ ಉಳಿಯದು. ಇನ್ನೂ ಲಕ್ಷ ವರ್ಷವಿರಬಹುದು, ಆದರೂ ಲೆನ್ಸಿನ ಮುಂದಿಡಲು ಅರ್ಧ ಮಿ.ಮೀ. ತೂತಿನ ತಗಡೊಂದನ್ನು 40 ರೂಪಾಯಿ ಕೊಟ್ಟು ಮಾಡಿಸಿ, ಅದು ಎಷ್ಟು ಬೆಳಕನ್ನು ತಡೆಯುತ್ತದೆ ಎಂಬುದನ್ನು ಗುರುಗ್ರಹದ ಮೇಲೆ ಅಳೆದು ಬರೆದಿಟ್ಟಿದ್ದೇನೆ.