ಒಂದು ಆರ್ಡರ್ ಬೆನ್ನು ಹತ್ತಿ: ಐದು ಕಡೆ ದಾಟುವ ಟೆಸ್ಟ್ ಬರೆಯುವುದು ಹೇಗೆ?

ಪುಣೆಯ ವಾಕಡ್‌ನಲ್ಲಿ ಒಂದು ಉಡುಪಿ ಹೋಟೆಲಿದೆ. ಹಿಂಜವಡಿಯ ಐಟಿ ಪಾರ್ಕಿಗೆ ಓಡುವ ನಮ್ಮಂಥ ಕನ್ನಡದವರ ಬೆಳಗಿನ ಬನ್ಸು, ಕಾಫಿ ಅಲ್ಲೇ. ಅಲ್ಲಿನ ಶೆಟ್ರಿಗೆ ಆನ್‌ಲೈನ್ ಆರ್ಡರ್ ವ್ಯವಸ್ಥೆ ಮಾಡಿಕೊಟ್ಟ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಟೆಸ್ಟಿಂಗ್, ಅಂದರೆ ಎಲ್ಲ ಸರಿ ನಡೆಯುತ್ತದಾ ಅಂತ ತಾನೇ ನೋಡುವ ಕೋಡ್ ಬರೆಯುವ ಕೆಲಸ, ನನ್ನ ತಲೆಗೆ ಬಂತು. ಗಿರಾಕಿ ವೆಬ್‌ಸೈಟಿನಲ್ಲಿ ಆರ್ಡರ್ ಕೊಡುತ್ತಾನೆ. ಪೇಮೆಂಟ್ ಗೇಟ್‌ವೇ ದುಡ್ಡು ತೆಗೆದುಕೊಳ್ಳುತ್ತದೆ. ಅಡುಗೆಮನೆಯ ಟ್ಯಾಬ್‌ನಲ್ಲಿ ಆರ್ಡರ್ ಕಾಣಿಸುತ್ತದೆ, ಡೆಲಿವರಿ ಹುಡುಗನ ಫೋನು ಟಣ್ ಅನ್ನುತ್ತದೆ, ಕೊನೆಗೆ ಬಿಲ್ಲು ಲೆಕ್ಕದ ಸಾಫ್ಟ್‌ವೇರಿಗೆ ಹೋಗುತ್ತದೆ.

ಒಂದೊಂದಕ್ಕೂ ಬೇರೆ ಬೇರೆ ಟೆಸ್ಟ್ ಇದ್ದವು, ಎಲ್ಲವೂ ಪಾಸ್. ಆದರೂ ತಿಂಗಳ ಕೊನೆಗೆ ಶೆಟ್ರು, "ಮಾರಾಯ್ರೇ, ಬ್ಯಾಂಕಿಗೆ ದುಡ್ಡು ಬಂದುಂಟು, ಲೆಕ್ಕದಲ್ಲಿ ಬಿಲ್ಲೇ ಇಲ್ಲ" ಅಂದರು. ಹುಡುಕಿದರೆ ಸಿಕ್ಕಿದ್ದು ಒಂದೇ ಒಂದು ಗುರುತು: &. ಹೆಸರಿನ ನಡುವೆ ಆ ಗುರುತು ಇಟ್ಟುಕೊಂಡ ಅಂಗಡಿಯೊಂದು ತಿಂಗಳಿಡೀ ತಿಂಡಿ ತರಿಸಿಕೊಂಡಿತ್ತು. ಬಿಲ್ಲನ್ನು ನಾವು ಎಕ್ಸ್‌ಎಂಎಲ್ ರೂಪದಲ್ಲಿ, ಅಂದರೆ ಸಾಫ್ಟ್‌ವೇರುಗಳು ಒಂದಕ್ಕೊಂದು ಮಾಹಿತಿ ಕಳಿಸಲು ಬಳಸುವ ಒಂದು ಬರವಣಿಗೆ ಕ್ರಮದಲ್ಲಿ, ಕಳಿಸುತ್ತಿದ್ದೆವು. ಎಕ್ಸ್‌ಎಂಎಲ್‌ನಲ್ಲಿ & ಹಾಗೇ ಬರೆಯುವಂತಿಲ್ಲ, ಅದಕ್ಕೆ ಬೇರೆ ಸಂಕೇತ ಇದೆ. ನಾವು ಅದನ್ನು ಹಾಕಿರಲಿಲ್ಲ. ಆ ಕಡೆಯ ಸಾಫ್ಟ್‌ವೇರ್ ಓದಲಾಗದೆ ಬಿಟ್ಟಿತು. ಈ ಕಡೆ ನಾವು, ಕಳಿಸಿದ್ದಾಯಿತಲ್ಲ ಅಂತ ಸುಮ್ಮನಿದ್ದೆವು. ಎಡವಟ್ಟಾಗಿದ್ದು ಎರಡು ಆ್ಯಪ್ ಕೂಡುವ ಜಾಗದಲ್ಲಿ. ಎಂಡ್ ಟು ಎಂಡ್ ಟೆಸ್ಟ್, ಅಂದರೆ ಆರ್ಡರಿನ ಈ ತುದಿಯಿಂದ ಆ ತುದಿಯ ತನಕ ಹೋಗುವ ಟೆಸ್ಟ್, ಇರುವುದೇ ಆ ಜಾಗ ನೋಡುವುದಕ್ಕೆ.

ಮೊದಲು ಕಾಗದ

ಲ್ಯಾಪ್‌ಟಾಪ್ ಮುಚ್ಚಿಡಿ. ಹೋಟೆಲಿನ ಗಲ್ಲಾದ ಪಕ್ಕ ಕೂತು ಒಂದು ಆರ್ಡರ್ ಎಲ್ಲೆಲ್ಲಿ ಹೋಗುತ್ತದೆ ಅಂತ ಗೆರೆ ಎಳೆಯಿರಿ. ಕೈ ಬದಲಾಗುವ ಪ್ರತಿ ಜಾಗಕ್ಕೂ ಒಂದು ಸುತ್ತು ಹಾಕಿ. ನಮಗೆ ನಾಲ್ಕು ಸುತ್ತು ಬಂದವು. ಟೆಸ್ಟ್ ನೋಡಬೇಕಾದ್ದು ಆ ನಾಲ್ಕನ್ನೇ.

ಆಮೇಲೆ ಮೂರೋ ನಾಲ್ಕೋ ಪಯಣ ಮಾತ್ರ ಆರಿಸಿಕೊಳ್ಳಿ: ದುಡ್ಡು ಕೊಟ್ಟ ಆರ್ಡರ್, ಕ್ಯಾನ್ಸಲ್ ಆದ ಆರ್ಡರ್, ಪೇಮೆಂಟ್ ಫೇಲಾದ ಆರ್ಡರ್. ವಡೆಯ ಬೆಲೆ ಸರಿಯಾ, ಪಿನ್‌ಕೋಡ್‌ಗೆ ಆರು ಅಂಕಿ ಇದೆಯಾ ಅನ್ನುವುದೆಲ್ಲ ಚಿಕ್ಕ ಟೆಸ್ಟ್‌ಗಳ ಕೆಲಸ. ಎಲ್ಲವನ್ನೂ ಎಂಡ್ ಟು ಎಂಡ್‌ಗೆ ತುರುಕಿ ಅನ್ನುವ ಮ್ಯಾನೇಜರುಗಳು ಸಿಗುತ್ತಾರೆ. ಹೂಂ ಅನ್ನಿ, ಮಾಡಬೇಡಿ.

ಟೂಲ್ ಹಲವು, ಭಾಷೆ ಒಂದು

ವೆಬ್‌ಗೆ, ಬ್ರೌಸರನ್ನು ಕೋಡಿನಿಂದ ಆಡಿಸುವ ಸೆಲೆನಿಯಂ ಅನ್ನುವ ಟೂಲ್ 2004ರಿಂದ ಇದೆ. ಅದೇ ಕೆಲಸಕ್ಕೆ 2020ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಪ್ಲೇರೈಟ್ ನನಗೆ ಹೆಚ್ಚು ಹಿಡಿಸಿತು. ಆದರೆ ಅದು ಬ್ರೌಸರಿನ ಆಳು, ಡೆಲಿವರಿ ಹುಡುಗನ ಆ್ಯಪಿಗೆ, ಫೋನನ್ನು ಆಡಿಸುವ ಆ್ಯಪಿಯಂ ಬೇಕೇ ಬೇಕು. ಎರಡರ ಟೆಸ್ಟನ್ನೂ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬಹುದು. ಹಾಗಾಗಿ ಪೈಥಾನ್ ಟೆಸ್ಟ್‌ಗಳನ್ನು ಓಡಿಸುವ ಪೈಟೆಸ್ಟ್‌ನ ಒಂದೇ ಟೆಸ್ಟಿನ ಒಳಗೆ ಬ್ರೌಸರ್, ಫೋನ್ ಎರಡನ್ನೂ ಆಡಿಸಲು ಸಾಧ್ಯ. ವೆಬ್ ತಂಡ ಒಂದು ಭಾಷೆ, ಮೊಬೈಲ್ ತಂಡ ಇನ್ನೊಂದು ಅಂತಾದರೆ ನಡುವಿನ ದಾರ ಹರಿಯುತ್ತದೆ.

ಆ ದಾರ ಯಾವುದು? ಆರ್ಡರ್ ನಂಬರ್. ವೆಬ್‌ಸೈಟಿನಲ್ಲಿ ಆರ್ಡರ್ ಆದ ಕೂಡಲೇ ಟೆಸ್ಟ್ ಅದನ್ನು ಎತ್ತಿಟ್ಟುಕೊಳ್ಳಬೇಕು. ಟ್ಯಾಬ್‌ನಲ್ಲಿ, ಫೋನಿನಲ್ಲಿ, ಲೆಕ್ಕದಲ್ಲಿ ಅದೇ ನಂಬರ್ ಹುಡುಕಬೇಕು. ಲಿಸ್ಟಿನಲ್ಲಿ ಮೇಲೆ ಕಂಡದ್ದೇ ನಮ್ಮದು ಅಂದುಕೊಂಡರೆ, ಪಕ್ಕದಲ್ಲಿ ಇನ್ನೊಂದು ಟೆಸ್ಟ್ ಓಡುತ್ತಿರುವಾಗ ಯಾರದೋ ಮಸಾಲೆದೋಸೆ ನಿಮ್ಮ ಟೆಸ್ಟನ್ನು ಪಾಸ್ ಮಾಡುತ್ತದೆ!

ಗಿರಾಕಿಯ ಹೆಸರೂ ಪ್ರತಿ ಸಲ ಹೊಸದಿರಲಿ. ಅದರೊಳಗೆ ಒಂದು &, ಒಂದು ಮರಾಠಿ ಅಕ್ಷರ ಬೇಕಂತಲೇ ಸೇರಿಸಿ.

ದುಡ್ಡು ಮತ್ತು ಒಟಿಪಿ

ಗೇಟ್‌ವೇಗಳಲ್ಲಿ ಟೆಸ್ಟ್ ಮೋಡ್ ಇರುತ್ತದೆ, ನಿಜವಾದ ದುಡ್ಡು ಹೋಗುವುದಿಲ್ಲ. ದುಡ್ಡು ಬಂತು ಅಂತ ಗೇಟ್‌ವೇ ನಮ್ಮ ಸರ್ವರಿಗೆ ಹೇಳುವುದು ವೆಬ್‌ಹುಕ್ ಮೂಲಕ, ಅಂದರೆ ಅದು ತಾನಾಗಿ ಕಳಿಸುವ ಒಂದು ಸಂದೇಶದ ಮೂಲಕ. ಅದೇ ಸುದ್ದಿ ಎರಡು ಸಲ ಬರುವುದೂ ಉಂಟು. ಆದ್ದರಿಂದ ಒಂದೇ ವೆಬ್‌ಹುಕ್ಕನ್ನು ನೀವೇ ಎರಡು ಸಲ ಕಳಿಸಿ ನೋಡಿ. ಅಡುಗೆಮನೆಗೆ ಒಂದೇ ಆರ್ಡರ್ ಹೋಗಬೇಕು. ಒಟಿಪಿಗೆ ಟೆಸ್ಟ್ ಸರ್ವರಿನಲ್ಲಿ ಮಾತ್ರ ಒಂದು ನಂಬರಿಗೆ ಒಂದು ಖಾಯಂ ಒಟಿಪಿ ಇಡಿ. ಅದು ಅಸಲಿ ಸರ್ವರಿಗೆ ಅಪ್ಪಿತಪ್ಪಿಯೂ ಹೋಗಕೂಡದು.

ಕಾಯುವುದು

ಜಾಸ್ತಿ ಟೆಸ್ಟ್‌ಗಳು ಸಾಯುವುದು ಇಲ್ಲೇ. ಆರ್ಡರ್ ಟ್ಯಾಬ್‌ಗೆ ತಲುಪಲಿ ಅಂತ ಕೋಡಿನಲ್ಲಿ ಹತ್ತು ಸೆಕೆಂಡ್ ಸುಮ್ನೆ ಮಲಗಿಸುತ್ತೀರಿ. ಒಂದು ದಿನ ಹನ್ನೊಂದು ಸೆಕೆಂಡ್ ಬೇಕಾಗುತ್ತದೆ, ಟೆಸ್ಟ್ ಬಿದ್ದು ಹೋಗುತ್ತದೆ. ಉಳಿದ ದಿನ ಎರಡೇ ಸೆಕೆಂಡಿಗೆ ಬಂದಿರುತ್ತದೆ, ಎಂಟು ದಂಡ. ಬದಲಿಗೆ ಸೆಕೆಂಡಿಗೊಮ್ಮೆ ಕೇಳಿ, ಬಂದ ಕ್ಷಣ ಮುಂದೆ ಹೋಗಿ, ಮೂವತ್ತಾದರೂ ಬರದಿದ್ದರೆ ಫೇಲ್ ಅನ್ನಿ. ಬಟನ್ ತಯಾರಾಗುವ ತನಕ ಪ್ಲೇರೈಟ್ ತಾನೇ ಕಾಯುತ್ತದೆ, ನಿಜ. ಆದರೆ ಅದಕ್ಕೆ ಗೊತ್ತಿರುವುದು ತನ್ನ ಪೇಜು ಮಾತ್ರ. ಪಕ್ಕದ ಫೋನಿನ ಸುದ್ದಿ ಅದಕ್ಕೇನು ಗೊತ್ತು?

ಬಟನ್ ಹುಡುಕುವಾಗ ಅದರ ಮೇಲಿನ ಅಕ್ಷರ ನಂಬಬೇಡಿ. ನಮ್ಮ ಸೈಟಿಗೆ ಮರಾಠಿ ಬಂದ ದಿನ 'ಪ್ಲೇಸ್ ಆರ್ಡರ್' ಹೋಗಿ 'ಆರ್ಡರ್ ದ್ಯಾ' ಆಯಿತು, ಟೆಸ್ಟ್‌ಗಳೆಲ್ಲ ಅಂಗಾತ. ಡೆವಲಪರ್‌ಗೆ ಒಂದು ಕಾಫಿ ಕುಡಿಸಿ, ಮುಖ್ಯ ಬಟನ್‌ಗಳಿಗೆಲ್ಲ ಟೆಸ್ಟ್ ಐಡಿ, ಅಂದರೆ ಭಾಷೆ ಬದಲಾದರೂ ಬದಲಾಗದ ಒಂದು ಗುಪ್ತ ಹೆಸರು, ಹಾಕಿಸಿಕೊಳ್ಳಿ.

ರಾತ್ರಿ ಪಾಳಿ

ಟೆಸ್ಟನ್ನು, ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಜೆಂಕಿನ್ಸ್ ಥರದ ಟೂಲಿಗೆ ಕೊಟ್ಟು ರಾತ್ರಿ ಎರಡಕ್ಕೆ ಓಡಿಸಿ. ಇಲ್ಲಿ ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೇನೆ. ಹಗಲು ಪಾಸಾಗುವ ಟೆಸ್ಟ್ ರಾತ್ರಿ ಫೇಲ್. ಕಾರಣ ಗಡಿಯಾರ. ಟೆಸ್ಟ್ ಓಡುವ ಮಷಿನ್ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿತ್ತು, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ನಮಗೆ ರಾತ್ರಿ ಎರಡಾದಾಗ ಅದಕ್ಕೆ ಹಿಂದಿನ ದಿನದ ರಾತ್ರಿ ಎಂಟೂವರೆ. ಬಿಲ್ಲಿನಲ್ಲಿ ಇವತ್ತಿನ ತಾರೀಕು, ಟೆಸ್ಟಿನ ಲೆಕ್ಕದಲ್ಲಿ ನಿನ್ನೆಯದು. ಟೆಸ್ಟಿನಲ್ಲಿ ಭಾರತದ ಸಮಯವನ್ನು ಬಾಯಿಬಿಟ್ಟು ಹೇಳಿದ ಮೇಲೆ ಸರಿಹೋಯಿತು.

ಫೇಲಾದಾಗ ಬ್ರೌಸರಿನ ಟ್ರೇಸ್ (ಹೆಜ್ಜೆ ಹೆಜ್ಜೆಯ ದಾಖಲೆ), ಫೋನಿನ ಸ್ಕ್ರೀನ್‌ಶಾಟ್ ಮತ್ತು ಲಾಗ್ (ಏನೇನಾಯಿತು ಅನ್ನುವ ಪಟ್ಟಿ), ಸರ್ವರಿನ ಲಾಗ್ ಎಲ್ಲವೂ ಆರ್ಡರ್ ನಂಬರ್ ಹೆಸರಿನ ಒಂದೇ ಫೋಲ್ಡರಿಗೆ ಬರುವಂತೆ ಮಾಡಿ. ಬೆಳಿಗ್ಗೆ ಯಾವ ಸುತ್ತಿನಲ್ಲಿ ಹರಿಯಿತು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅದಿಲ್ಲದಿದ್ದರೆ ವೆಬ್‌ನವರು ಮೊಬೈಲಿನವರ ಕಡೆ, ಮೊಬೈಲಿನವರು ಸರ್ವರಿನವರ ಕಡೆ ಬೆರಳು ತೋರಿಸುವುದರಲ್ಲೇ ಮಧ್ಯಾಹ್ನ ಆಗುತ್ತದೆ.

ಟೆಸ್ಟಿಗೆ ಅಸಲಿ ಫೋನನ್ನೇ ಇಟ್ಟುಕೊಂಡಿದ್ದರೆ, ಚಾರ್ಜಿಂಗ್ ಆಗುವಾಗ ಸ್ಕ್ರೀನ್ ಆರದಂತೆ ಡೆವಲಪರ್ ಆಪ್ಶನ್ಸ್‌ನಲ್ಲಿ ಸೆಟ್ ಮಾಡಿ. ಮೂರು ರಾತ್ರಿ ನಮ್ಮ ಟೆಸ್ಟ್ ಸುಖಾಸುಮ್ಮನೆ ಬಿತ್ತು. ಸಂಜೆ ಗುಡಿಸಲು ಬರುವ ಮಾವಶಿ ಕರೆಂಟು ಉಳಿಸೋಣ ಅಂತ ಆ ಫೋನಿನ ಚಾರ್ಜರ್ ಪ್ಲಗ್ ಕೀಳುತ್ತಿದ್ದರು. ಈಗ ಸ್ವಿಚ್ ಬೋರ್ಡಿನ ಮೇಲೆ 'ಕೀಳಬೇಡಿ', 'ಕಾಢೂ ನಕಾ' ಅಂತ ಎರಡೂ ಭಾಷೆಯಲ್ಲಿ ಚೀಟಿ ಅಂಟಿಸಿದ್ದೇವೆ.