ಪ್ಲೈವುಡ್ ಗಸೆಟ್‌ಗೆ ಮೊಳೆಯ ಲೆಕ್ಕ: ನನ್ನ ಅನುಭವ

ಕಲಬುರಗಿಯ ಸೇಡಂ ರಸ್ತೆಯ ತೊಗರಿ ಗೋದಾಮಿಗೆ ನಾನು ಕೂರಿಸಿದ ಹನ್ನೊಂದು ಮರದ ಟ್ರಸ್‌ಗಳು (ಚಾವಣಿ ಹೊರುವ ತ್ರಿಕೋನ ಚೌಕಟ್ಟುಗಳು) ಎರಡು ಮಳೆಗಾಲ ಕಂಡಿವೆ. ಒಂದೂ ಜಗ್ಗಿಲ್ಲ. ತೊಲೆಗಳು ಕೂಡುವಲ್ಲಿ ಬಡಿಯುವ ಗಸೆಟ್‌ಗೆ, ಅಂದರೆ ಜೋಡಣೆಯ ತಟ್ಟೆಗೆ, ಉಕ್ಕು ಬಿಟ್ಟು 12 ಮಿ.ಮೀ. ಮರೈನ್ ಪ್ಲೈ (ನೀರು ತಾಳುವ ಪ್ಲೈವುಡ್) ಹಾಕುತ್ತೇನೆ ಎಂದಾಗ ಎಂಜಿನಿಯರ್ ಸಾಹೇಬರು, "ಕಪಾಟಿನ ಹಲಗೆಯ ಮೇಲೆ ಚಾವಣಿ ನಿಲ್ಲಿಸುತ್ತೀರಾ?" ಎಂದಿದ್ದರು. ನಮ್ಮ ಹಿರಿಯ ಬಡಿಗ ಕಾಕಾ ಕೂಡ, "ತಮ್ಮಾ, ಹೊರುವ ಕೆಲಸ ಸಾಗವಾನಿಗೆ ಬಿಡು" ಎಂದರು.

ಅವರ ಅನುಮಾನಕ್ಕೆ ಉತ್ತರಿಸಲು, ಪ್ಲೈಗೆ ಹೊಡೆದ ಒಂದು ಮೊಳೆ ಎಷ್ಟು ಭಾರ ತಡೆಯುತ್ತದೆಂಬ ಅಂಕಿ ನನ್ನಲ್ಲಿ ಇರಲಿಲ್ಲ. ಮರೈನ್ ಪ್ಲೈನ ಭಾರತೀಯ ಮಾನಕ ಐಎಸ್ 710ರಲ್ಲಿ ಬಾಗುವಿಕೆಯ ಬಲವಿದೆ: ಮೇಲ್ಪದರದ ಮರದ ಎಳೆಯ (ನಾರಿನ) ಉದ್ದಕ್ಕೆ ಚದರ ಮಿ.ಮೀ.ಗೆ 50 ನ್ಯೂಟನ್, ಅಡ್ಡಕ್ಕೆ 30. ಮೊಳೆ ಜೋಡಣೆಯ ಸಂಹಿತೆ ಐಎಸ್ 2366 ಮೊಳೆಯ ಮೌಲ್ಯ ಕೊಡುವುದು ಮರದ ಜಾತಿಗಳಿಗೆ. ಅಮೆರಿಕದ ಸಂಹಿತೆ ಸಾಮಾನ್ಯ ಪ್ಲೈಗೆ 0.42, ಸ್ಟ್ರಕ್ಚರಲ್ 1 ದರ್ಜೆಗೆ 0.50 ಸಾಪೇಕ್ಷ ಸಾಂದ್ರತೆ (ನೀರಿಗೆ ಹೋಲಿಸಿದ್ದು) ಹಿಡಿದು ಮೊಳೆಯ ಒತ್ತುಬಲ, ಅಂದರೆ ಮೊಳೆ ಒತ್ತಿದಾಗ ಹಾಳೆ ತಡೆಯುವ ಬಲ, ಲೆಕ್ಕ ಹಾಕುತ್ತದೆ. ಅಲ್ಲಿನ ಮರದ ಅಂಕಿಯನ್ನು ನಮ್ಮ ಅಂಗಡಿಯ ಹಾಳೆಗೆ ಹಚ್ಚಲು ಮನಸ್ಸು ಒಪ್ಪಲಿಲ್ಲ.

ಮೊದಲು ಸನ್ನೆಗೋಲಿಗೆ ಸಿಮೆಂಟ್ ಚೀಲ ತೂಗುಹಾಕಿ ಎಳೆದೆ. ಪ್ರತಿ ಸಲ ಸೀಳಿದ್ದು ಮರ, ಪ್ಲೈ ಅಲ್ಲ. ಆಮೇಲೆ ಒಂದು ಕಾಲೇಜಿನ ಯಂತ್ರಕ್ಕೆ ಒಯ್ದೆ. ತುಂಡಿಗೆ 400 ರೂಪಾಯಿ. ಮೊದಲ ಎಂಟು ತುಂಡುಗಳಲ್ಲಿ ಮೊಳೆ ಬಾಗಿತೇ ಹೊರತು ಪ್ಲೈ ಎಷ್ಟು ತಡೆಯಿತೆಂದು ತಿಳಿಯಲಿಲ್ಲ. 3,200 ರೂಪಾಯಿ ನೀರಿಗೆ ಹೋಯಿತು. ಮೂರು ರಾತ್ರಿ ನಿದ್ದೆ ಬರಲಿಲ್ಲ.

ಕೊನೆಗೆ ಕೈಗೆ ಬಂದದ್ದು ಅರ್ಧ ತೂತಿನ ವಿಧಾನ. ಅಂಚಿನಲ್ಲಿ ಅರ್ಧ ತೂತು, ಅದರಲ್ಲಿ 10 ಗೇಜಿನ (ಸುಮಾರು 3.25 ಮಿ.ಮೀ. ದಪ್ಪದ) ಮೊಳೆ ಮಲಗಿಸಿ ಉದ್ದಕ್ಕೂ ಮೇಲಿನಿಂದ ಒತ್ತುವುದು; ಆಗ ಮೊಳೆ ಬಾಗಲು ಜಾಗವೇ ಇಲ್ಲ. ತೂತಿನ ಅಳತೆ ಹಾಗೂ ತುಂಡು ವಾಲದಂತೆ ಹಿಡಿಯುವ ಬಗೆ ನನ್ನಲ್ಲೇ ಇರಲಿ. ಸುಮಾರು ಮೂವತ್ತು ತುಂಡುಗಳಲ್ಲಿ ಕೆಳಗಿನ ಅಂಕಿ ಚದರ ಮಿ.ಮೀ.ಗೆ 38 ನ್ಯೂಟನ್, ಮೇಲಿನದು 55ರ ಆಸುಪಾಸು. ಎಳೆಯ ಉದ್ದಕ್ಕೂ ಅಡ್ಡಕ್ಕೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಸರಾಸರಿಯನ್ನು ನಾನು ನಂಬುವುದಿಲ್ಲ, ಕೆಳಗಿನದನ್ನೇ ಹಿಡಿದೆ: ಅದನ್ನು ಪ್ಲೈನ ಮತ್ತು ಮೊಳೆಯ ದಪ್ಪದಿಂದ ಗುಣಿಸಿದರೆ ಮೊಳೆಗೆ ಸುಮಾರು 150 ಕೆ.ಜಿ. ಸುರಕ್ಷತೆಗೆಂದು ಮೂರರಿಂದ ಭಾಗಿಸಿದರೆ 50. ಮೊಳೆ ಬಾಗುವ ಲೆಕ್ಕವನ್ನು ಬೇರೆ ಹಾಕಿದಾಗ ಇನ್ನೂ ಇಳಿಯಿತು; 35ಕ್ಕೆ ನಿಲ್ಲಿಸಿದೆ.

ಆದರೆ ಗಸೆಟ್ ತಟ್ಟೆಯ ಎಳೆತದಲ್ಲಿ ಎಳೆಯ ದಿಕ್ಕೇ ಎಲ್ಲ. ಹಾಳೆ ಉಳಿಸಲು ಹುಡುಗನೊಬ್ಬ ಕೆಳತೊಲೆಯ ಜೋಡಣೆಗೆ ಅಡ್ಡ ಎಳೆಯ ತಟ್ಟೆ ಕತ್ತರಿಸಿದ್ದ. ಪರೀಕ್ಷೆಯಲ್ಲಿ ಅದು ಮೊಳೆಗಳ ಸಾಲಿನಲ್ಲೇ ಪಟ್ ಎಂದು ಹರಿಯಿತು. ಅಂದಿನಿಂದ ಪ್ರತಿ ತಟ್ಟೆಗೂ ಪೆನ್ಸಿಲಿನಲ್ಲಿ ಬಾಣ ಬರೆಯುತ್ತೇವೆ.

ಈ ನಡುವೆ ತುಂಡುಗಳನ್ನು ಕುದಿಸಿಯೂ ನೋಡಿದೆ. ಮರೈನ್ ಪ್ಲೈ 72 ಗಂಟೆ ತಾಳಬೇಕು. ಅಂಗಳದಲ್ಲಿ ಹಂಡೆ ಹೂಡಿ, ಚಕ್ಕೆ ಉರಿಸಿ ಕಾವಲು ಕುಳಿತೆವು. ಮುದ್ರೆ ಹೊತ್ತ ಒಂದು ಹಾಳೆ ಮೊದಲ ರಾತ್ರಿಯೇ ಪದರ ಬಿಚ್ಚಿತು! ಆ ವ್ಯಾಪಾರಿಯ ಮೆಟ್ಟಿಲು ಮತ್ತೆ ಹತ್ತಿಲ್ಲ. ದಿನವಿಡೀ ನೆನೆಸಿದ ಒಳ್ಳೆಯ ತುಂಡು ಮುಕ್ಕಾಲು ಬಲ ಉಳಿಸಿಕೊಂಡಿತು.

ಎಲ್ಲ ಸೇರಿ 38,000 ರೂಪಾಯಿ ಖರ್ಚು. ಉಕ್ಕಿನ ತಟ್ಟೆ, ಬೋಲ್ಟುಗಳ ಖರ್ಚು ಉಳಿದದ್ದರಿಂದ ಆ ಒಂದೇ ಗೋದಾಮಿನಲ್ಲಿ ಅದಕ್ಕಿಂತ ಹೆಚ್ಚು ಮರಳಿ ಬಂತು.

ಎತ್ತುವ ಮೊದಲು ಒಂದು ಟ್ರಸ್‌ನ ಮೇಲೆ ಎರಡಡಿಯ ಶಹಾಬಾದ್ ಕಲ್ಲುಗಳನ್ನು ಪೇರಿಸಿದೆವು. ಒಂದೊಂದು 24 ಕೆ.ಜಿ., ಒಟ್ಟು ಅರವತ್ತು ಕಲ್ಲು. ಮರುದಿನ ಎಂಜಿನಿಯರ್ ಸಾಹೇಬರೇ ನೂಲು ಹಿಡಿದು ಅಳೆದರು: ಜಗ್ಗಿದ್ದು ನಾಲ್ಕು ಮಿ.ಮೀ. ಕಲ್ಲು ಇಳಿಸಿದ ಮೇಲೆ ಅದೂ ಬಹುಪಾಲು ಮರಳಿತು. ನಕ್ಷೆಗೆ ಅಲ್ಲಿಯೇ ಸಹಿ ಹಾಕಿದರು.