ಫ್ಲೋರಿಡಾದಲ್ಲಿ ಅಂಗಡಿ ಇಟ್ಟ ಕೊಡಗಿನವರಿಗೆ: ಹರಿಕೇನ್ ಬರುವ ಮುಂಚೆ

ಅಟ್ಲಾಂಟಿಕ್‌ನ ಹರಿಕೇನ್ ಕಾಲ, ಅಂದರೆ ಚಂಡಮಾರುತದ ಕಾಲ, ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ನಮ್ಮ ಮಳೆಯೂ ಜೂನ್‌ನಲ್ಲೇ ಹಿಡಿಯುವುದಲ್ವಾ? ಹಾಗಾಗಿ ಕೊಡಗಿನಿಂದ ಹೋಗಿ ಅಲ್ಲಿ ಅಂಗಡಿ, ಮೋಟೆಲ್ ನಡೆಸುವವರಿಗೆ ಇದೇನೂ ಹೊಸದಲ್ಲ ಅನ್ನಿಸುತ್ತದೆ. ಮೇ ತಿಂಗಳಲ್ಲೇ ಮರ ಕಪಾತು ಮಾಡಿಸಿ, ಚರಂಡಿ ಬಿಡಿಸಿ, ಸೌದೆ ಒಳಗೆ ಹಾಕಿ, ಜಗಲಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಬೆಳೆದವರು ನಾವು. ಆ ಅಭ್ಯಾಸ ಅಲ್ಲೂ ಕೈ ಹಿಡಿಯುತ್ತದೆ. ಆದರೆ ಅಲ್ಲಿ ಅಷ್ಟೇ ಸಾಲದು. ಅಲ್ಲಿ ವ್ಯಾಪಾರ ಉಳಿಸುವುದು ಹೆಚ್ಚಾಗಿ ಕಾಗದಪತ್ರ. ಆ ಕೆಲಸ ಗಾಳಿಗೆ ಹೆಸರಿಡುವ ಮುಂಚೆಯೇ ಮುಗಿದಿರಬೇಕು.

ನಾನು ಈಗ ಮಡಿಕೇರಿಯಲ್ಲಿದ್ದೇನೆ. ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದ ಹೋದ ಹುಡುಗರೂ, ಇಲ್ಲಿರುವ ಅವರ ಅಪ್ಪ ಅಮ್ಮನೂ ಇದೇ ವಿಷಯ ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ವಿಮೆಯಿಂದಲೇ ಶುರು ಮಾಡೋಣ. ಅಂಗಡಿಗೆ ಮಾಡಿಸುವ ಸಾಮಾನ್ಯ ಪಾಲಿಸಿಯಲ್ಲಿ ಪ್ರವಾಹದ ನಷ್ಟ ಸೇರಿರುವುದಿಲ್ಲ. ಗಾಳಿಗೆ ಚಾವಣಿ ಹಾರಿ ಮಳೆ ಒಳಗೆ ಸುರಿದರೆ ಒಂದು ಲೆಕ್ಕ. ಸಮುದ್ರ ಉಕ್ಕಿ ನೀರು ಬಾಗಿಲಿನಿಂದ ನುಗ್ಗಿದರೆ ಬೇರೆಯೇ ಲೆಕ್ಕ. ಈ ಎರಡನೆಯದಕ್ಕೆ ಪ್ರತ್ಯೇಕ ಫ್ಲಡ್ ಇನ್ಶೂರೆನ್ಸ್ ಬೇಕು. ಅಮೆರಿಕದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ವ್ಯಾಪಾರದ ಕಟ್ಟಡಕ್ಕೆ 5 ಲಕ್ಷ ಡಾಲರ್‌ವರೆಗೆ, ಒಳಗಿನ ಸಾಮಾನಿಗೆ ಇನ್ನೊಂದು 5 ಲಕ್ಷದವರೆಗೆ ಸಿಗುತ್ತದೆ. ಬಾಡಿಗೆದಾರರು ಸಾಮಾನಿಗೆ ಮಾತ್ರ ಮಾಡಿಸಬಹುದು. ಆದರೆ ಸಾಮಾನ್ಯವಾಗಿ ದುಡ್ಡು ಕಟ್ಟಿ 30 ದಿನ ಕಳೆದ ಮೇಲೆಯೇ ಆ ಪಾಲಿಸಿ ಜಾರಿಗೆ ಬರುತ್ತದೆ. ಖಾಸಗಿ ಕಂಪನಿಗಳೂ ಅಷ್ಟೇ, ಚಂಡಮಾರುತ ಹತ್ತಿರ ಬಂತು ಅಂದರೆ ಹೊಸ ಪಾಲಿಸಿ ಕೊಡುವುದನ್ನೂ, ಇದ್ದ ಮೊತ್ತ ಹೆಚ್ಚಿಸುವುದನ್ನೂ ನಿಲ್ಲಿಸುತ್ತವೆ. ಟಿವಿ ನೋಡಿ ಏಜೆಂಟರಿಗೆ ಫೋನ್ ಮಾಡಿದರೆ ಏನೂ ಆಗುವುದಿಲ್ಲ. ದಯವಿಟ್ಟು ಏಪ್ರಿಲ್‌ನಲ್ಲೇ ಮಾಡಿಸಿ.

ಹರಿಕೇನ್ ಡಿಡಕ್ಟಿಬಲ್ ಅಂತ ಒಂದಿದೆ, ಅಂದರೆ ವಿಮೆಯವರು ಕೊಡುವ ಮುಂಚೆ ನೀವೇ ಹೊರಬೇಕಾದ ಪಾಲು. ಅದನ್ನು ಓದದೆ ಸಹಿ ಹಾಕಬೇಡಿ. ಇದು ಸಾಮಾನ್ಯವಾಗಿ ನಷ್ಟದ ಮೇಲಲ್ಲ, ವಿಮೆ ಮಾಡಿಸಿದ ಒಟ್ಟು ಮೊತ್ತದ ಮೇಲೆ ಶೇಕಡಾ ಲೆಕ್ಕ. 8 ಲಕ್ಷ ಡಾಲರ್ ಕಟ್ಟಡಕ್ಕೆ ಶೇ 5 ಅಂದರೆ ಮೊದಲ 40 ಸಾವಿರ ಡಾಲರ್ ನಿಮ್ಮ ಕೈಯಿಂದಲೇ ಹೋಗುತ್ತದೆ. ಅಷ್ಟು ದುಡ್ಡು ಎಲ್ಲಿಂದ ತರುತ್ತೀರಿ ಅಂತ ಈಗಲೇ ಯೋಚಿಸಿ. ಅಂಗಡಿ ಮುಚ್ಚಿದ ದಿನಗಳ ಆದಾಯಕ್ಕೂ ಬೇರೆ ವಿಮೆ ಇದೆ. ಅದು ಸಾಮಾನ್ಯವಾಗಿ ನಿಮ್ಮ ಕಟ್ಟಡಕ್ಕೇ ಹಾನಿಯಾಗಿದ್ದರೆ ಮಾತ್ರ ಸಿಗುತ್ತದೆ. ಬರೀ ಕರೆಂಟ್ ಹೋಗಿದ್ದಕ್ಕೂ ಸಿಗಬೇಕಾದರೆ ಅದನ್ನು ಕೇಳಿ ಸೇರಿಸಿಕೊಳ್ಳಬೇಕು. ಸರ್ಕಾರದ ಫ್ಲಡ್ ಪಾಲಿಸಿಯಲ್ಲಿ ಆದಾಯ ನಷ್ಟಕ್ಕೆ ಏನೂ ಇಲ್ಲ.

‘ನಾವು ಸಮುದ್ರದ ಹತ್ತಿರ ಇಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಭಯವಾಗುತ್ತದೆ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತ ಫ್ಲೋರಿಡಾದ ಬಿಗ್ ಬೆಂಡ್ ಅನ್ನುವ ಕರಾವಳಿಗೆ ಅಪ್ಪಳಿಸಿತು. ಅದಕ್ಕೆ ಮುಂಚೆ ಅದರ ಕೇಂದ್ರ ಟ್ಯಾಂಪಾ ನಗರದಿಂದ ದೂರ ಸಮುದ್ರದಲ್ಲೇ ಹಾದುಹೋಯಿತು. ಆದರೂ ಅಲ್ಲಿನ ತೀರದ ಅಂಗಡಿ, ಮನೆಗಳಿಗೆ ಸಮುದ್ರ ನುಗ್ಗಿತು. ಆಮೇಲೆ ಅದೇ ಗಾಳಿ ಮಳೆ ನಾರ್ತ್ ಕೆರೊಲಿನಾದ ಆಶ್‌ವಿಲ್‌ವರೆಗೆ ಹೋಯಿತು. ಅದು ನಮ್ಮ ಮಡಿಕೇರಿಯ ಹಾಗೆ ಬೆಟ್ಟದ ಊರು, ಸಮುದ್ರದಿಂದ ನೂರಾರು ಕಿಲೋಮೀಟರ್ ದೂರ. ನದಿ ಉಕ್ಕಿತು, ಗುಡ್ಡ ಜರಿಯಿತು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ನೋಡಿದವರಿಗೆ, ಕುಶಾಲನಗರದಲ್ಲಿ ಕಾವೇರಿ ನೀರು ಬೀದಿಗೆ ಬಂದದ್ದು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಇಲ್ಲಿ ಹಾಗಾದಾಗ ತಹಶೀಲ್ದಾರ್ ಕಚೇರಿಯವರು ಬಂದು ಮಹಜರು ಮಾಡುತ್ತಾರೆ, ಪರಿಹಾರಕ್ಕೆ ಅರ್ಜಿ ಕೊಡುತ್ತೇವೆ. ಅಲ್ಲೂ ಫೆಮಾ ಅನ್ನುವ ಸರ್ಕಾರದ ವಿಪತ್ತು ನೆರವಿನ ಸಂಸ್ಥೆ ಇದೆಯಲ್ಲ ಅಂತ ಊರಿನವರು ಧೈರ್ಯ ಹೇಳುತ್ತಾರೆ. ಫೆಮಾ ಮನೆಯವರಿಗೆ ನೆರವು ಕೊಡುತ್ತದೆ, ಖಾಸಗಿ ವ್ಯಾಪಾರಕ್ಕೆ ಕೊಡುವುದಿಲ್ಲ. ವ್ಯಾಪಾರದವರು ಎಸ್‌ಬಿಎ ಅನ್ನುವ ಸಣ್ಣ ವ್ಯಾಪಾರಗಳ ಇಲಾಖೆಗೆ ಹೋಗಬೇಕು. ಅಲ್ಲಿ ಸಿಗುವುದು ಕಡಿಮೆ ಬಡ್ಡಿಯ ಸಾಲ, ಅದನ್ನು ತೀರಿಸಲೇಬೇಕು.

ಇನ್ನು ಕಟ್ಟಡ. ಮೊದಲು ಬಾಡಿಗೆ ಕರಾರು ತೆಗೆದು ಓದಿ. ಚಾವಣಿ ಯಾರದು, ಶಟರ್ ಹಾಕುವವರು ಯಾರು ಅನ್ನುವುದು ಅದರಲ್ಲಿರುತ್ತದೆ. ಇಲ್ಲದಿದ್ದರೆ ಮಾಲೀಕರಿಂದ ಬರೆಸಿಕೊಳ್ಳಿ. ಗಾಜಿಗೆ ಟೇಪ್ ಅಂಟಿಸುವುದು ಸುಮ್ನೆ ಸಮಯ ಹಾಳು, ಅದು ಗಾಜು ಒಡೆಯುವುದನ್ನು ತಡೆಯುವುದಿಲ್ಲ. ಶಟರ್ ಇಲ್ಲದಿದ್ದರೆ ದಪ್ಪ ಪ್ಲೈವುಡ್ಡನ್ನು ಅಳತೆಗೆ ಮೊದಲೇ ಕತ್ತರಿಸಿ, ಯಾವ ಕಿಟಕಿಗೆ ಯಾವುದು ಅಂತ ಬರೆದಿಡಿ. ಹಿಂದಿನ ದೊಡ್ಡ ರೋಲಿಂಗ್ ಬಾಗಿಲನ್ನು ಜನ ಮರೆಯುತ್ತಾರೆ. ಅದು ಮುರಿದು ಗಾಳಿ ಒಳಗೆ ಹೊಕ್ಕರೆ ಚಾವಣಿಯನ್ನೇ ಎತ್ತಿಬಿಡುತ್ತದೆ. ಹಾಗಾಗಿ ಮೊದಲು ಅದನ್ನೇ ಬಲಪಡಿಸಿ. ಸಮತಟ್ಟಾದ ಚಾವಣಿಯ ನೀರು ಹೋಗುವ ತೂತುಗಳನ್ನು ತೆಗೆಸಿ, ಮೇಲಿನ ಎಸಿ ಯಂತ್ರಗಳನ್ನು ಬಿಗಿಯಾಗಿ ಕಟ್ಟಿಸಿ. ಹೊರಗಿನ ಕುರ್ಚಿ, ಮೇಜು, ಬೋರ್ಡು ಎಲ್ಲ ಒಳಗೆ ಬರಲಿ.

ಎರಡು ನಕ್ಷೆಗಳನ್ನು ಬೆರೆಸಬೇಡಿ. ಎ, ಬಿ, ಸಿ ಅಂತ ಗುರುತಿಸಿದ್ದು ಊರು ಬಿಡಿಸುವ ವಲಯ, ಎ ವಲಯದವರು ಮೊದಲು ಹೊರಡಬೇಕು. ವಿಮೆಯವರು ಕೇಳುವ ಪ್ರವಾಹ ವಲಯವೇ ಬೇರೆ. ಎಚ್ಚರಿಕೆಯಲ್ಲೂ ಎರಡು ಹಂತ. ‘ವಾಚ್’ ಅಂದರೆ ಬಿರುಸಿನ ಗಾಳಿ ಶುರುವಾಗುವ ಸುಮಾರು 48 ಗಂಟೆ ಮುಂಚೆ, ‘ವಾರ್ನಿಂಗ್’ ಅಂದರೆ 36 ಗಂಟೆ ಮುಂಚೆ. ವಾಚ್ ಬಂದಾಗಲೇ ಹಲಗೆ ಹೊಡೆದು ಮುಗಿಸಿ. ಕೆಲಸದವರಿಗೂ ಮನೆ, ಮಕ್ಕಳು ಇದ್ದಾರೆ. ಅವರನ್ನು ಕೊನೆಯವರೆಗೆ ಕೌಂಟರ್‌ನಲ್ಲಿ ನಿಲ್ಲಿಸಿಕೊಳ್ಳಬೇಡಿ. ಹರಿಕೇನ್‌ಗೆ ಕೊಡುವ 1ರಿಂದ 5ರವರೆಗಿನ ಕೆಟಗರಿ ಸಂಖ್ಯೆ ಗಾಳಿಯ ವೇಗ ಮಾತ್ರ ಹೇಳುತ್ತದೆ, ನೀರು ಎಷ್ಟು ಏರುತ್ತದೆ ಅಂತ ಹೇಳುವುದಿಲ್ಲ. ‘ಬರೀ ಕೆಟಗರಿ 1’ ಅಂತ ಉಳಿದುಕೊಳ್ಳಬೇಡಿ.

ಕರೆಂಟ್ ಹೋದ ಮೇಲೆ ಬಾಗಿಲು ತೆಗೆಯದ ಫ್ರಿಜ್ 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಣ್ಣಗಿರುತ್ತದೆ. ಜನರೇಟರನ್ನು ಕಟ್ಟಡದಿಂದ ಕಡಿಮೆಯೆಂದರೆ 20 ಅಡಿ ದೂರ ಇಡಿ. ಅದರ ಹೊಗೆಗೆ ಪ್ರತಿ ಸಲ ಜೀವಗಳು ಹೋಗುತ್ತವೆ.

ಪಾಲಿಸಿ, ಕರಾರು, ಲೈಸೆನ್ಸ್, ಸಾಮಾನಿನ ವಿಡಿಯೋ ಎಲ್ಲದರ ಒಂದು ಪ್ರತಿ ಊರಿನಲ್ಲಿರುವ ಅಣ್ಣನಿಗೋ ತಂಗಿಗೋ ಕಳಿಸಿಡಿ. ಅಲ್ಲಿ ಒಬ್ಬರಿಗೊಬ್ಬರು ಸಿಗದಿದ್ದರೆ ಎಲ್ಲರೂ ಇವರಿಗೇ ಸುದ್ದಿ ಮುಟ್ಟಿಸಲಿ. ಕೊಡಗಿನಲ್ಲೂ ಮಳೆಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಹಾಗಾಗಿ ಮೈಸೂರಿನಲ್ಲಿರುವ ಇನ್ನೊಬ್ಬರ ನಂಬರೂ ಇರಲಿ.

ಗಾಳಿ ಹೋದ ಮೇಲೆ ಒಳಗೆ ಕಾಲಿಟ್ಟ ತಕ್ಷಣ ಗುಡಿಸಲು ಶುರು ಮಾಡಬೇಡಿ. ಮೊದಲು ಫೋಟೋ, ಆಮೇಲೆ ಚಾವಣಿಗೆ ಟಾರ್ಪಾಲು. ನಷ್ಟ ಜಾಸ್ತಿಯಾಗದಂತೆ ತಡೆಯುವುದು ನಿಮ್ಮದೇ ಜವಾಬ್ದಾರಿ, ಅದರ ರಸೀದಿ ಇಟ್ಟುಕೊಳ್ಳಿ. ಬಾಗಿಲಿಗೆ ಬಂದು ಅರ್ಜೆಂಟಾಗಿ ಸಹಿ ಕೇಳುವ ಗುತ್ತಿಗೆದಾರರ ಲೈಸೆನ್ಸನ್ನು ರಾಜ್ಯದ ವೆಬ್‌ಸೈಟಿನಲ್ಲಿ ನೋಡಿ. ಸರ್ಕಾರದ ಫ್ಲಡ್ ಪಾಲಿಸಿಗೆ ಸಹಿ ಮಾಡಿದ ನಷ್ಟದ ಲೆಕ್ಕ 60 ದಿನದೊಳಗೆ ಹೋಗಬೇಕು. ಉಳಿದ ಪಾಲಿಸಿಗಳಿಗೆ ಫ್ಲೋರಿಡಾದಲ್ಲಿ 1 ವರ್ಷದೊಳಗೆ ತಿಳಿಸಬೇಕು, ಆದರೆ ಮೊದಲ ವಾರದಲ್ಲೇ ತಿಳಿಸಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ.